ನಲವತ್ತೈದಕ್ಕೆ ಸೊನ್ನೆ

ಕಳೆದ ತಿಂಗಳು ನಮ್ಮ ಶಾಖೆಗೆ ಗಂಡ ಹೆಂಡತಿ ಇಬ್ಬರು ಬಂದಿದ್ದರು. ಮೂವತ್ತರ ಆಸುಪಾಸಿನವರು. ಕೆನಡಾಕ್ಕೆ ವಲಸೆ ಹೋಗಲು ಅರ್ಜಿ ಹಾಕಿದ್ದಾರಂತೆ, ಖಾತೆಯಲ್ಲಿ ಇಷ್ಟು ಹಣ ಇದೆ ಎಂದು ಬ್ಯಾಂಕಿನ ಪತ್ರ ಬೇಕಿತ್ತು. ಸಹಿ ಹಾಕಿ, ಸೀಲು ಒತ್ತಿ ಕೊಟ್ಟೆ. ಇಂಥ ಪತ್ರಗಳಿಗೆ ಎಷ್ಟು ಸಹಿ ಹಾಕಿದ್ದೇನೋ ಲೆಕ್ಕವಿಲ್ಲ. ಆದರೆ ಅವತ್ತು ಯಾಕೋ ಮನಸ್ಸು ಕೆದಕಿದಂತಾಯಿತು.

ರಾತ್ರಿ ಡೊಂಬಿವಿಲಿಯ ಮನೆಯಲ್ಲಿ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂತು ಕೆನಡಾ ಸರಕಾರದ ಅಂಕಗಳ ಲೆಕ್ಕ ಹಾಕಿದೆ. ಓದು, ಇಂಗ್ಲಿಷು, ಕೆಲಸದ ಅನುಭವ ಎಲ್ಲಕ್ಕೂ ಏನೋ ಒಂದಷ್ಟು ಬಂತು. ವಯಸ್ಸಿನ ಎದುರು ಮಾತ್ರ ಸೊನ್ನೆ!

"ಎಂತ ಮಾಡ್ತಿದ್ದೀರಿ ಇಷ್ಟು ಹೊತ್ತಿಗೆ?" ಎಂದು ಬಂದ ಮನೆಯವಳು ಪರದೆ ನೋಡಿ ನಕ್ಕಳು. "ಇಪ್ಪತ್ತು ವರ್ಷದ ಹಿಂದೆ ಹೋಗುವ ಅಂದ್ರೆ ಫೈಲು ಮಾಡಿ ಕಪಾಟಿನಲ್ಲಿಟ್ಟಿರಿ. ಈಗ ಎಂತಕ್ಕೆ?"

ಹೌದು, ಈಗ ಎಂತಕ್ಕೆ? ನಿವೃತ್ತಿಗೆ ಎರಡು ವರ್ಷವೂ ಉಳಿದಿಲ್ಲ. ಆದರೂ ಆ ಸೊನ್ನೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು 1967ರಲ್ಲಿ, ಕುಂದಾಪುರದ ಕಡೆಯ ಹಳ್ಳಿಯಲ್ಲಿ. ವಿದೇಶಕ್ಕೆ ಹೋಗುವ ಆಸೆ ಇಟ್ಟುಕೊಂಡ ಭಾರತೀಯನ ಮಟ್ಟಿಗೆ ಅದು ದೊಡ್ಡ ವರ್ಷ. ಅಲ್ಲಿಯ ತನಕ ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಸರಕಾರದ ಮರ್ಜಿ. ಆ ವರ್ಷ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ವಿದೇಶ ಪ್ರಯಾಣವೂ ವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ತೀರ್ಪು ಕೊಟ್ಟಿತು. ಐವರು ನ್ಯಾಯಾಧೀಶರಲ್ಲಿ ಮೂವರು ಆ ಪಕ್ಷ, ಇಬ್ಬರು ವಿರುದ್ಧ. ಅದರ ಬೆನ್ನಿಗೇ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂತು. ಅದೇ ವರ್ಷ ಅಕ್ಟೋಬರ್ 1ರಂದು ಕೆನಡಾ ತನ್ನ ಅಂಕ ಪದ್ಧತಿಯನ್ನು ಜಾರಿಗೆ ತಂದಿತು.

ಅಂಕ ಪದ್ಧತಿಗೆ ಮುಂಚೆ ಏನಿತ್ತು? ಬಣ್ಣ. 1908ರಲ್ಲಿ ಕೆನಡಾ ಒಂದು ನಿಯಮ ಮಾಡಿತು: ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ. ಓದಲು ಎಷ್ಟು ಸಭ್ಯ ನೋಡಿ! ಆದರೆ ಭಾರತದಿಂದ ಅಲ್ಲಿಗೆ ನೇರ ಹಡಗೇ ಇರಲಿಲ್ಲ. ಅದರ ಮೇಲೆ, ಏಷ್ಯಾದಿಂದ ಬರುವವನ ಕೈಯಲ್ಲಿ 200 ಡಾಲರ್ ಇರಬೇಕೆಂಬ ಷರತ್ತು ಬೇರೆ. 1914ರ ಮೇ ತಿಂಗಳಲ್ಲಿ ಕೊಮಗಾಟ ಮಾರು ಎಂಬ ಹಡಗು 376 ಜನರನ್ನು ಹೊತ್ತು ವ್ಯಾಂಕೂವರ್ ತಲುಪಿತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಎರಡು ತಿಂಗಳು ಹಡಗು ನೀರಿನಲ್ಲೇ ನಿಂತಿತು. ಇಪ್ಪತ್ತು ಚಿಲ್ಲರೆ ಜನರನ್ನು ಬಿಟ್ಟು ಉಳಿದವರೆಲ್ಲ ವಾಪಸ್. ಕಲ್ಕತ್ತೆಯ ಹತ್ತಿರ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಬ್ರಿಟಿಷ್ ಆಡಳಿತದ ಗುಂಡು ಹಾರಿತು, ಹಲವರು ಸತ್ತರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ಇಡೀ ಭಾರತಕ್ಕೆ ವರ್ಷಕ್ಕೆ 150 ಜನರ ಕೋಟಾ ಸಿಕ್ಕಿತು. 1957ರಲ್ಲಿ ಅದು 300 ಆಯಿತು. ನಮ್ಮ ಡೊಂಬಿವಿಲಿಯ ಲೋಕಲ್ ಟ್ರೈನಿನ ಒಂದು ಡಬ್ಬಿಯಲ್ಲಿ ಬೆಳಿಗ್ಗೆ ಅದಕ್ಕಿಂತ ಹೆಚ್ಚು ಜನ ಇರುತ್ತಾರೆ! 1962ರಲ್ಲಿ ಜನಾಂಗದ ಭೇದವನ್ನು ನಿಯಮದಿಂದ ಬಹುಮಟ್ಟಿಗೆ ತೆಗೆದರು. ಐದು ವರ್ಷದ ಮೇಲೆ ಅಂಕಗಳು ಬಂದವು.

ಒಟ್ಟು 100 ಅಂಕ, ಪಾಸಾಗಲು 50. ಓದಿಗೆ 20, ಅಧಿಕಾರಿ ಮುಖ ನೋಡಿ ಕೊಡುವುದು 15 (ನಮ್ಮ ಪ್ರಮೋಷನ್ ಇಂಟರ್‌ವ್ಯೂ ನೆನಪಾಯಿತು). ವಯಸ್ಸಿಗೆ 10. ಮೂವತ್ತೈದರ ತನಕ ಪೂರ್ತಿ ಹತ್ತು, ಆಮೇಲೆ ವರ್ಷಕ್ಕೊಂದು ಅಂಕ ಕಡಿತ. ಅಂದರೆ ನಲವತ್ತೈದಕ್ಕೆ ಸೊನ್ನೆ. ಬಣ್ಣದ ಬಾಗಿಲು ತೆರೆದ ದಿನವೇ ವಯಸ್ಸಿನ ಬಾಗಿಲು ಹಾಕಿದ್ದರು, ಅಷ್ಟೇ.

ಅತ್ತ ಬಾಗಿಲು ತೆರೆಯಿತು, ಸರಿ. ಇತ್ತ ನಮ್ಮ ಕಡೆ ಇದ್ದದ್ದು ಹಣದ ಬೀಗ. ಆ ಕಾಲದಲ್ಲಿ ವಿಮಾನದ ಟಿಕೆಟಿಗೂ ರಿಸರ್ವ್ ಬ್ಯಾಂಕಿನ 'ಪಿ ಫಾರಂ' ಮಂಜೂರಾಗಬೇಕಿತ್ತು. ಇಂಗ್ಲೆಂಡಿಗೆ ಹೋಗುವವರ ಜೇಬಿನಲ್ಲಿ ಮೂರು ಪೌಂಡು, ಅಮೆರಿಕಕ್ಕೆ ಹೋಗುವವರ ಜೇಬಿನಲ್ಲಿ ಎಂಟು ಡಾಲರು. ಆ ತಲೆಮಾರಿನ ಹಿರಿಯರನ್ನು ಕೇಳಿ, ಎಂಟು ಡಾಲರಿನ ಕಥೆ ಹೇಳದವರೇ ಇಲ್ಲ. 1973ರ ಫೆರಾ ಕಾಯಿದೆ ಬಂದ ಮೇಲೆ ಡಾಲರ್ ವಿಷಯದಲ್ಲಿ ತಪ್ಪಿದರೆ ಜೈಲು.

ನಾನು ಬಿಕಾಂ ಮುಗಿಸಿ ಬ್ಯಾಂಕ್ ಸೇರಿ ಎರಡು ವರ್ಷವಾಗುವಷ್ಟರಲ್ಲಿ 1991 ಬಂತು. ದೇಶದ ಬಳಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಇತ್ತು. ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರಗೆ ಕಳಿಸಿ ಸಾಲ ಎತ್ತಿತು. ಮನೆಯ ಚಿನ್ನ ಅಡವಿಡುವುದೆಂದರೆ ಏನೆಂದು ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. 2000ನೇ ಇಸವಿ ಜೂನ್ 1ಕ್ಕೆ ಫೆರಾ ಹೋಗಿ ಫೆಮಾ ಬಂತು. 2004ರಲ್ಲಿ ಒಬ್ಬ ಸಾಮಾನ್ಯ ಮನುಷ್ಯ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಬಹುದು ಎಂದಾಯಿತು. 2015ರಿಂದ ಅದು ಎರಡೂವರೆ ಲಕ್ಷ. ಎಂಟರಿಂದ ಎರಡೂವರೆ ಲಕ್ಷ! ಇದರ ಅರ್ಧ ಇತಿಹಾಸ ನನ್ನ ಕೌಂಟರಿನಲ್ಲೇ, ಎ-ಟು ಫಾರಂಗಳ ಮೇಲೆ ನಡೆದುಹೋಯಿತು.

ಇನ್ನು ನನ್ನ ಫೈಲಿನ ಕಥೆ. 2002ರಲ್ಲಿ ಕೆನಡಾ ಹೊಸ ಕಾಯಿದೆ ಜಾರಿಗೆ ತಂದಾಗ ವಯಸ್ಸಿನ ಅಂಕವನ್ನು ಸಡಿಲ ಮಾಡಿತು. 21ರಿಂದ 49ರ ತನಕ ಪೂರ್ತಿ ಹತ್ತು. ನನಗಾಗ ಮೂವತ್ತೈದು. ಮನೆಯಲ್ಲಿ ಮಾತಾಯಿತು, ಫಾರಂ ತರಿಸಿದೆ, ಅಂಕಪಟ್ಟಿಗಳ ಪ್ರತಿ ಮಾಡಿಸಿದೆ. ಅಷ್ಟರಲ್ಲಿ ಊರಿನಲ್ಲಿ ಅಮ್ಮನಿಗೆ ಹುಷಾರು ತಪ್ಪಿತು. ಆಮೇಲೆ ಮಗಳ ಶಾಲೆ, ಮನೆಯ ಸಾಲ. "ನಲವತ್ತೊಂಬತ್ತರ ತನಕ ಸಮಯ ಇದೆಯಲ್ಲ, ಮಗಳ ಹತ್ತನೆಯದ್ದು ಮುಗಿಯಲಿ" ಎಂದುಕೊಂಡೆ. ಬ್ಯಾಂಕಿನವನಾಗಿ ಕೊನೆಯ ದಿನಾಂಕದ ಮೇಲೆ ಭರವಸೆ ಇಟ್ಟೆ!

2013ರ ಮೇ ತಿಂಗಳಲ್ಲಿ ನಿಯಮ ಬದಲಾಯಿತು. ಮತ್ತೆ ಮೂವತ್ತೈದರ ತನಕ ಪೂರ್ತಿ, ಆಮೇಲೆ ವರ್ಷಕ್ಕೊಂದು ಕಡಿತ, ನಲವತ್ತೇಳಕ್ಕೆ ಸೊನ್ನೆ. 2015ರಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಬಂದಾಗ ಇಪ್ಪತ್ತರಿಂದ ಇಪ್ಪತ್ತೊಂಬತ್ತರ ಒಂಟಿ ಅರ್ಜಿದಾರನಿಗೆ 110 ಅಂಕ, ನಲವತ್ತೈದು ಆದವನಿಗೆ ಸೊನ್ನೆ. ನಲವತ್ತೆಂಟು ವರ್ಷ ಸುತ್ತಿ ಲೆಕ್ಕ ಅದೇ ನಲವತ್ತೈದಕ್ಕೆ ಬಂದು ನಿಂತಿತ್ತು. ಆಸ್ಟ್ರೇಲಿಯಾವೂ 2017ರಲ್ಲಿ ತನ್ನ ಮಿತಿಯನ್ನು ಐವತ್ತರಿಂದ ನಲವತ್ತೈದಕ್ಕೆ ಇಳಿಸಿತು.

ಹಾಗಂತ ಸಮಯಕ್ಕೆ ಅರ್ಜಿ ಹಾಕಿದವರೆಲ್ಲ ಗೆದ್ದರೆಂದಲ್ಲ. 2008ರ ಫೆಬ್ರವರಿಗೆ ಮುಂಚೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರ ಕಡತಗಳನ್ನು 2012ರಲ್ಲಿ ಕೆನಡಾ ಒಂದೇ ಕಾಯಿದೆಯಲ್ಲಿ ಮುಚ್ಚಿ ಶುಲ್ಕ ಹಿಂತಿರುಗಿಸಿತು. ಮನೆಮಂದಿ ಸೇರಿ ಸುಮಾರು 2,80,000 ಜನ. ಶುಲ್ಕವೇನೋ ಬಂತು, ಕಾದ ವರ್ಷಗಳನ್ನು ಹಿಂದೆ ಕೊಡುವವರು ಯಾರು?

ಮೊದಲು ಸಿಟ್ಟು ಬಂತು. ಮೂವತ್ತೈದು ವರ್ಷದ ಅನುಭವಕ್ಕೆ ಬೆಲೆಯೇ ಇಲ್ಲವೇ ಎಂದು. ಆಮೇಲೆ ನನ್ನದೇ ಕುರ್ಚಿ ನೆನಪಾಯಿತು. ಐವತ್ತೈದರ ಮನುಷ್ಯ ಇಪ್ಪತ್ತು ವರ್ಷದ ಗೃಹಸಾಲ ಕೇಳಿದಾಗ "ಸಾರ್, ನಿವೃತ್ತಿಗೆ ಐದೇ ವರ್ಷ ಇದೆಯಲ್ಲ" ಎಂದು ಎಷ್ಟು ಸಲ ಹೇಳಿಲ್ಲ? ಒಬ್ಬರಂತೂ ಮಾತಾಡದೆ ಕಾಗದಗಳನ್ನು ಚೀಲಕ್ಕೆ ತುಂಬಿಸಿಕೊಂಡು ಎದ್ದು ಹೋಗಿದ್ದರು. ಕೆನಡಾವೂ ಅದನ್ನೇ ನೋಡುತ್ತದೆ: ಇವನು ಎಷ್ಟು ವರ್ಷ ದುಡಿದು ತೆರಿಗೆ ಕಟ್ಟಬಲ್ಲ? ಲೆಕ್ಕ ತಪ್ಪಲ್ಲ. ಆದರೆ ಲೆಕ್ಕ ಸರಿಯಿದ್ದರೂ ಎದುರು ಕೂತವನಿಗೆ ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಮೊನ್ನೆಯೇ.

ನಮಗೆ ಮೊದಲ ಪರದೇಶ ಮುಂಬಯಿಯೇ ಅಲ್ಲವೇ? 1994ರಲ್ಲಿ ವರ್ಗವಾಗಿ ಬಂದಾಗ ಕೊಂಕಣ ರೈಲು ಇರಲಿಲ್ಲ, ಬಸ್ಸಿನಲ್ಲಿ ಮೈಯೆಲ್ಲ ನುಗ್ಗಾಗಿ ಬಂದಿಳಿದಿದ್ದೆ. ನನಗಿಂತ ಮುಂಚೆ ನಮ್ಮೂರಿನ ಹುಡುಗರು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಓದಿದರು. ಅವರ ವಯಸ್ಸಿಗೆ ಈ ಊರು ಅಂಕ ಹಾಕಲಿಲ್ಲ. ಇದು ಸಮಾಧಾನಕ್ಕೆ ಹೇಳಿಕೊಳ್ಳುವ ಮಾತು ಎಂದೂ ಗೊತ್ತು.

ಫೈಲು ಇನ್ನೂ ಕಪಾಟಿನಲ್ಲಿದೆ, ಬಿಸಾಡಿಲ್ಲ. ಪಾಸ್‌ಪೋರ್ಟ್ ನವೀಕರಣಕ್ಕೆ ಮಾತ್ರ ಕೊಟ್ಟಿದ್ದೇನೆ. ನಿವೃತ್ತಿಯ ನಂತರ ವ್ಯಾಂಕೂವರಿನ ಆ ಬಂದರನ್ನಾದರೂ ಇಬ್ಬರೂ ನೋಡಿ ಬರುವ ಎಂದು ಮಾತಾಗಿದೆ. ನೋಡಿ ಬರಲು ವಯಸ್ಸಿನ ಅಂಕ ಬೇಕಿಲ್ಲವಲ್ಲ!

ಇದನ್ನು ಓದುವವರಲ್ಲಿ ಮೂವತ್ತೈದರ ಆಸುಪಾಸಿನವರು ಇದ್ದರೆ, ಹೋಗಿ ಎಂದೂ ಹೇಳುವುದಿಲ್ಲ, ಹೋಗಬೇಡಿ ಎಂದೂ ಹೇಳುವುದಿಲ್ಲ. ಒಂದೇ ಮಾತು. ಹೋಗುವುದೋ ಬಿಡುವುದೋ, ನೀವೇ ಕೂತು ತೀರ್ಮಾನ ಮಾಡಿ. ನನ್ನ ಹಾಗೆ ಕಪಾಟಿನಲ್ಲಿಟ್ಟು ಇನ್ನೊಂದು ದೇಶದ ನಿಯಮಕ್ಕೆ ತೀರ್ಮಾನ ಬಿಟ್ಟುಕೊಡಬೇಡಿ.