ಬಾಲಾಘಾಟಿನ ನೋಟಗಾರರು: ಗಡಿನಾಡಿನಲ್ಲಿ ಪರನಾಡ ಹಣದ ಪರೀಕ್ಷೆ

ಹೊಸೂರಿಗೆ ಈಶಾನ್ಯದಲ್ಲಿ, ಕೋಲಾರ ಜಿಲ್ಲೆಯ ಮಾಲೂರು ಸೀಮೆಗೆ ಹತ್ತಿಕೊಂಡಂತಿರುವ ಬೇರಿಕೆಯು ಬಾಗಲೂರು, ಶೂಳಗಿರಿಗಳಂತೆ ಪಾಳೆಯಗಾರರ ಆಳ್ವಿಕೆಯನ್ನು ಕಂಡ ಊರು. ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದರೂ ಅದು ಕನ್ನಡ, ತೆಲುಗು, ತಮಿಳು ಮೂರೂ ನುಡಿಗಳು ಬೆರೆತಿರುವ ಗಡಿಪ್ರದೇಶದಲ್ಲಿದೆ. ಈ ಸೀಮೆಯ ಇತಿಹಾಸವೆಂದರೆ ಸಾಮಾನ್ಯವಾಗಿ ಕೋಟೆ, ಕದನ, ಕಂದಾಯಗಳ ಕಥೆಯಾಗಿಯೇ ಉಳಿದಿದೆ. ಆದರೆ ಆಳುವವರು ಮೇಲಿಂದ ಮೇಲೆ ಬದಲಾಗುತ್ತಿದ್ದ ನಾಡಿನಲ್ಲಿ ದಾರಿಹೋಕನೊಬ್ಬನು ಸೊಂಟದ ಚೀಲದಿಂದ ತೆಗೆದ ನಾಣ್ಯವು ಮುಂದಿನ ಊರಿನಲ್ಲಿ ಸಲ್ಲುವುದೇ, ಸಲ್ಲಿದರೆ ಎಷ್ಟಕ್ಕೆ ಸಲ್ಲುವುದು, ಅದು ಅಪ್ಪಟವೋ ಖೋಟಾವೋ ಎಂಬ ಪ್ರಶ್ನೆಗಳು ಕದನಗಳಿಗಿಂತಲೂ ಹತ್ತಿರದಿಂದ ಜನರ ಬದುಕನ್ನು ಮುಟ್ಟಿದ್ದವು.

ಆ ಪ್ರಶ್ನೆಗಳು ಅತ್ಯಂತ ತೀಕ್ಷ್ಣವಾಗಿದ್ದುದು 1792ರಿಂದ 1799ರವರೆಗಿನ ಏಳು ವರ್ಷಗಳಲ್ಲಿ. 1791ರ ಜುಲೈಯಲ್ಲಿ ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆಯು ಹೊಸೂರನ್ನು ಹಿಡಿದುಕೊಂಡಿದ್ದರೂ, ಮರುವರ್ಷದ ಮಾರ್ಚಿನಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದ ಪ್ರಕಾರ ಘಟ್ಟದ ಕೆಳಗಿನ ಬಾರಾಮಹಲ್, ಅಂದರೆ ಕೃಷ್ಣಗಿರಿ, ಧರ್ಮಪುರಿಗಳ ಸುತ್ತಲಿನ ನಾಡು, ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಬಾಲಾಘಾಟ್ ಎಂದು ದಫ್ತರಗಳಲ್ಲಿ ಕರೆಯಲಾದ ಘಟ್ಟದ ಮೇಲಿನ ಹೊಸೂರು ಸೀಮೆಯು ಟಿಪ್ಪು ಸುಲ್ತಾನನ ಕೈಯಲ್ಲೇ ಉಳಿದು, ಅವನು ಮಡಿದ ಬಳಿಕ 1799ರಲ್ಲಿ ಕಂಪನಿಗೆ ಸೇರಿತು. ಕೆಳಗೆ ಕಂಪನಿಯ ಅಧಿಕಾರಿ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕರಾದ ಥಾಮಸ್ ಮನ್ರೋ, ಗ್ರಹಾಂ, ಮ್ಯಾಕ್ಲಿಯಡ್ ಮೊದಲಾದವರು ಕಂದಾಯದ ಹೊಸ ವ್ಯವಸ್ಥೆಯನ್ನು ಕಟ್ಟುತ್ತಿದ್ದಾಗ, ಮೇಲೆ ಸುಲ್ತಾನನ ಅಮಲ್ದಾರರು ತಮ್ಮ ಲೆಕ್ಕದಲ್ಲಿ ಹಣ ಎತ್ತುತ್ತಿದ್ದರು. ಹೀಗಾಗಿ ಒಂದೆರಡು ದಿನದ ನಡಿಗೆಯಷ್ಟು ದೂರದಲ್ಲಿ ಒಂದು ರಾಜ್ಯದ ನಾಣ್ಯವು ಇನ್ನೊಂದು ರಾಜ್ಯದ ಪರನಾಣ್ಯವಾಗುತ್ತಿತ್ತು.

ಆ ಕಾಲದ ಪ್ರಯಾಣಿಕನ ಚೀಲದಲ್ಲಿ ಇರಬಹುದಾಗಿದ್ದ ನಾಣ್ಯಗಳನ್ನು ನೆನೆದರೆ ಈ ತೊಡಕಿನ ಆಳ ತಿಳಿಯುತ್ತದೆ. ಎಲ್ಲಕ್ಕೂ ಹಳೆಯದಾಗಿ, ಎಲ್ಲರ ವಿಶ್ವಾಸಕ್ಕೂ ಪಾತ್ರವಾಗಿ ಉಳಿದಿದ್ದುದು ಕಂಠೀರವ ನರಸರಾಜ ಒಡೆಯರು (1638–1659) ಟಂಕಿಸಿದ ಕಂಠೀರಾಯ ಹಣ. ನರಸಿಂಹನ ಮೂರ್ತಿಯನ್ನು ಹೊತ್ತ ಈ ಚಿನ್ನದ ತುಣುಕಿನ ತೂಕ ಒಂದು ಗ್ರಾಮಿನ ಮೂರನೆಯ ಒಂದು ಭಾಗದ ಆಸುಪಾಸು. ಇಂತಹ ಹತ್ತು ಹಣಕ್ಕೆ ಒಂದು ಕಂಠೀರಾಯ ವರಹವೆಂದು ಎಣಿಸುತ್ತಿದ್ದರೂ ಆ ವರಹವು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು, ನಾಣ್ಯವಾಗಿ ಯಾರ ಕೈಯಲ್ಲೂ ಇರಲಿಲ್ಲ. 1800ರಲ್ಲಿ ಮೈಸೂರು ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಸಂಗತಿಯನ್ನು ಗುರುತಿಸಿದ್ದಾನೆ. ಇದರ ಜೊತೆಗೆ ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಹೊರಡಿಸಿದ ಬಹದ್ದೂರಿ ವರಹವಿತ್ತು. ಇಕ್ಕೇರಿಯ ನಾಯಕರ ವರಹದ ಮೇಲಿದ್ದ ಶಿವಪಾರ್ವತಿಯರ ಮೂರ್ತಿಯನ್ನು ಅವನು ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನಷ್ಟೇ ಒತ್ತಿಸಿದನು. ಜನರ ಕಣ್ಣಿಗೆ ಪರಿಚಿತವಾದ ರೂಪವನ್ನು ಕೆಡಿಸಿದರೆ ನಾಣ್ಯದ ಬೆಲೆ ಬೀಳುತ್ತದೆ ಎಂಬುದನ್ನು ಅವನು ತನ್ನ ಮಗನಿಗಿಂತ ಚೆನ್ನಾಗಿ ಅರಿತಿದ್ದನೆಂದು ತೋರುತ್ತದೆ. ಟಿಪ್ಪುವು ಮೂರ್ತಿಗಳನ್ನು ಕೈಬಿಟ್ಟು ಪಾರಸಿ ಬರಹವನ್ನೇ ಒತ್ತಿಸಿದನಲ್ಲದೆ, ತಾನೇ ರೂಢಿಗೆ ತಂದ ಮೌಲೂದಿ ಶಕೆಯ ವರ್ಷಗಳನ್ನು ಬಲದಿಂದ ಎಡಕ್ಕೆ ಓದುವಂತೆ ಅಂಕಿಗಳಲ್ಲಿ ಬರೆಸಿದನು. ಈ ಕ್ರಮವನ್ನು ತಿಳಿಯದ ಪರಊರಿನವನಿಗೆ ಅಪ್ಪಟ ನಾಣ್ಯದ ಮೇಲಿನ ವರ್ಷವೂ ತಪ್ಪಾಗಿ ಕಾಣುವ ಸಾಧ್ಯತೆಯಿತ್ತು.

ಘಟ್ಟದ ಕೆಳಗಿನಿಂದ ಬರುತ್ತಿದ್ದುದು ಮದರಾಸಿನ ನಕ್ಷತ್ರ ವರಹ. ಒಂದು ಬದಿಯಲ್ಲಿ ವಿಷ್ಣುವಿನ ಮೂರ್ತಿ, ಇನ್ನೊಂದು ಬದಿಯಲ್ಲಿ ಕಾಳುಕಾಳಾದ ಮೈಯ ನಡುವೆ ನಕ್ಷತ್ರವಿದ್ದ ಈ ನಾಣ್ಯಕ್ಕೆ ಮದರಾಸಿನ ಲೆಕ್ಕದಲ್ಲಿ 42 ಹಣ, ಹಣವೊಂದಕ್ಕೆ 80 ಕಾಸು. ಪರಂಗಿಪೇಟೆಯ ವರಹವು ನೋಡುವುದಕ್ಕೆ ಅದರ ಬಂಧುವಿನಂತಿದ್ದರೂ ಅದರಲ್ಲಿ ಚಿನ್ನದ ಪಾಲು ಕಡಿಮೆ. ಬೆಳ್ಳಿಯಲ್ಲಿ ಆರ್ಕಾಟು ರೂಪಾಯಿಯಿತ್ತು. ಅದರ ಮೇಲೆ ಮೊಗಲ್ ಬಾದಶಹನ ಹೆಸರಿದ್ದರೂ ಅದನ್ನು ಮದರಾಸಿನಲ್ಲಿ ಇಂಗ್ಲಿಷರೂ ಪುದುಚೇರಿಯಲ್ಲಿ ಫ್ರೆಂಚರೂ ಟಂಕಿಸುತ್ತಿದ್ದರು. ಇಂಗ್ಲಿಷರದಕ್ಕೆ ಕಮಲ, ಫ್ರೆಂಚರದಕ್ಕೆ ಬಾಲಚಂದ್ರ ಎಂಬ ಪುಟ್ಟ ಗುರುತುಗಳಿಂದ ಮಾತ್ರ ಅವುಗಳ ಹುಟ್ಟೂರನ್ನು ಹೇಳಬಹುದಾಗಿತ್ತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಬಾದಶಹನ ಹೆಸರಿನಲ್ಲಿ ವ್ಯಾಪಾರಿಗಳ ಕಂಪನಿಯೊಂದು ನಾಣ್ಯ ಹೊಡೆಯುವುದನ್ನು ಇಂದಿನ ಓದುಗನು ಖೋಟಾ ಕೆಲಸವೆಂದು ಕರೆಯಬಹುದಾದರೂ, ಅಂದಿನ ಪೇಟೆಗೆ ಅದು ಹಾಗೆ ಕಂಡಿರಲಿಲ್ಲ. ಲೋಹ ಸರಿಯಿದ್ದರೆ ಪರನಾಣ್ಯವು ವಟ್ಟ ಕಳೆದು ಸಲ್ಲುತ್ತಿತ್ತು, ಲೋಹ ಕೆಟ್ಟಿದ್ದರೆ ಸ್ವಂತ ದೊರೆಯ ಮುದ್ರೆಯೂ ಅದನ್ನು ಉಳಿಸುತ್ತಿರಲಿಲ್ಲ. ವಟ್ಟವೆಂದರೆ ಸವಕಲಿಗಾಗಿ, ಬೆರಕೆಗಾಗಿ, ದೂರದ ಟಂಕಸಾಲೆಯ ನಾಣ್ಯವೆಂಬ ಕಾರಣಕ್ಕಾಗಿ ಮುಖಬೆಲೆಯಿಂದ ಮುರಿದುಕೊಳ್ಳುತ್ತಿದ್ದ ಕಡಿತ.

ಈ ಕಡಿತವನ್ನು ನಿರ್ಧರಿಸುತ್ತಿದ್ದವನು ಪ್ರಯಾಣಿಕನೂ ಅಲ್ಲ, ಅಂಗಡಿಯವನೂ ಅಲ್ಲ. ಚಿನಿವಾರ, ಸರಾಫ ಅಥವಾ ನೋಟಗಾರನೆಂದು ಕರೆಸಿಕೊಳ್ಳುತ್ತಿದ್ದ ನಾಣ್ಯ ಪರೀಕ್ಷಕ. ಅವನ ಮುಖ್ಯ ಸಾಧನ ಒರೆಗಲ್ಲು. ನುಣುಪಾದ ಕಪ್ಪು ಕಲ್ಲಿನ ಮೇಲೆ ನಾಣ್ಯವನ್ನು ಉಜ್ಜಿ, ಅದರ ಪಕ್ಕದಲ್ಲಿ ಶುದ್ಧಿಯ ಪ್ರಮಾಣ ಮೊದಲೇ ಗೊತ್ತಿರುವ ಚಿನ್ನದ ಕಡ್ಡಿಯನ್ನು ಎಳೆದು, ಎರಡು ಗೆರೆಗಳ ಬಣ್ಣವನ್ನು ಹೋಲಿಸುವುದೇ ಈ ವಿದ್ಯೆಯ ತಿರುಳು. ಕೌಟಿಲ್ಯನ ಅರ್ಥಶಾಸ್ತ್ರವು ರೂಪದರ್ಶಕನೆಂಬ ನಾಣ್ಯ ಪರೀಕ್ಷಕನನ್ನೂ ಹದಿನಾರು ಬಣ್ಣದ ಚಿನ್ನವನ್ನೂ ಬಲ್ಲದು. ಇಂಗಲಿಕ ಇಲ್ಲವೇ ಅನ್ನಭೇದಿಯನ್ನು ಗೋಮೂತ್ರದಲ್ಲಿ ನೆನೆಸಿ ಬೆರಳ ತುದಿಗೆ ಸವರಿಕೊಂಡು ಮುಟ್ಟಿದರೆ ಒಳ್ಳೆಯ ಚಿನ್ನವೂ ಬಿಳಿಚಿಕೊಳ್ಳುತ್ತದೆಂದು ಪರೀಕ್ಷಕನ ಮೋಸವನ್ನೂ ಅದು ಎಚ್ಚರಿಸುತ್ತದೆ. ಹದಿನಾರನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಲಿಕೋಟೆಯನ್ನೂ ವಿಜಯನಗರವನ್ನೂ ಕಂಡ ಇಟಲಿಯ ವರ್ತೆಮಾ ಎಂಬ ಪ್ರವಾಸಿಯು ಕಲ್ಲಿಕೋಟೆಯ ಸರಾಫರ ತಕ್ಕಡಿಗಳು ತಲೆಗೂದಲೊಂದರ ಭಾರಕ್ಕೂ ವಾಲುತ್ತಿದ್ದವೆಂದು ಬೆರಗಾಗಿದ್ದಾನೆ; ಒರೆಗಲ್ಲಿನ ಮೇಲೆ ಉಳಿದ ಚಿನ್ನದ ಪುಡಿಯನ್ನು ಮೇಣದಂತಹ ಉಂಡೆಯೊಂದರಿಂದ ಒತ್ತಿ ತೆಗೆದು, ಉಂಡೆ ತುಂಬಿದಾಗ ಅದನ್ನು ಕರಗಿಸಿ ಚಿನ್ನವನ್ನು ಮರಳಿ ಪಡೆಯುತ್ತಿದ್ದ ಜಾಣ್ಮೆಯೂ ಅವನ ಕಣ್ಣಿಗೆ ಬಿದ್ದಿತ್ತು. ಹದಿನೇಳನೆಯ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ಟ್ಯಾವರ್ನಿಯೆಯಂತೂ ತುರ್ಕಿಯ ದೊರೆತನದಲ್ಲಿ ಹೆಸರಾದ ಹಣವಿನಿಮಯಗಾರರು ಭಾರತದ ಸರಾಫರ ಮುಂದೆ ಕಲಿಯುವ ಹುಡುಗರಾಗುವುದಕ್ಕೂ ಸಾಲರೆಂದು ಬರೆದನು.

ಖೋಟಾಗಾರರ ವಿದ್ಯೆಯೂ ಕಡಿಮೆಯದಾಗಿರಲಿಲ್ಲ. ತಾಮ್ರದ ಬಿಲ್ಲೆಗೆ ಚಿನ್ನದ ಗಿಲೀಟು ಕೊಡುವುದು ಒರಟು ಕೆಲಸ. ತೂಕ ತಗ್ಗುವುದರಿಂದಲೇ ಅದು ಸಿಕ್ಕಿಬೀಳುತ್ತಿತ್ತು. ಅದಕ್ಕಿಂತ ಸೂಕ್ಷ್ಮವಾದುದೆಂದರೆ ತಾಮ್ರ ಹೆಚ್ಚಾಗಿ ಬೆರೆತ ಚಿನ್ನವನ್ನು ಉಪ್ಪು, ಹುಳಿಗಳ ಸಂಸ್ಕಾರದಿಂದ ಕಾಯಿಸಿ ಮೇಲ್ಮೈಯ ತಾಮ್ರವನ್ನಷ್ಟೇ ಕಳೆಯುವುದು. ಆಗ ಹೊರಪದರವು ನಿಜವಾಗಿಯೂ ಒಳ್ಳೆಯ ಚಿನ್ನವಾಗಿರುವುದರಿಂದ ಮೊದಲ ಗೆರೆಗೆ ಒರೆಗಲ್ಲೂ ಮೋಸಹೋಗುತ್ತದೆ. ಅದೇ ಜಾಗವನ್ನು ಮತ್ತೆ ಮತ್ತೆ ಉಜ್ಜಿ ಒಳಮೈಯ ಬಣ್ಣ ಬರುವವರೆಗೂ ಕಾಯುವ ತಾಳ್ಮೆ ನೋಟಗಾರನಿಗೆ ಇರಬೇಕಾಗಿತ್ತು. ಬೆಳ್ಳಿಯ ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿ ಅದರ ನಾದವನ್ನು ಕೇಳುತ್ತಿದ್ದರು. ಅನುಮಾನ ಬಂದರೆ ಉಳಿಯಿಂದ ಕಚ್ಚು ಮಾಡಿ ಒಳಗನ್ನು ನೋಡಿ, ಸರಿಯೆಂದು ಕಂಡ ನಾಣ್ಯಕ್ಕೆ ಸರಾಫನು ತನ್ನ ಪುಟ್ಟ ಮುದ್ರೆಯನ್ನು ಒತ್ತುತ್ತಿದ್ದನು. ಇಂತಹ ಮುದ್ರೆಗಳು ತುಂಬಿದ ರೂಪಾಯಿಗಳು ಇಂದಿಗೂ ನಾಣ್ಯಸಂಗ್ರಹಗಳಲ್ಲಿ ಕಾಣಸಿಗುತ್ತವೆ, ಮುದ್ರೆಗಳ ಸಂಖ್ಯೆಯೇ ಆ ನಾಣ್ಯವು ದಾಟಿಬಂದ ಕೈಗಳಿಗೆ ಸಾಕ್ಷಿಯಾಗುತ್ತದೆ. ಚಿನ್ನದ ಹಣವಾದರೋ ಕಚ್ಚು ಮಾಡುವುದಕ್ಕೂ ಉಜ್ಜುವುದಕ್ಕೂ ತೀರ ಚಿಕ್ಕದು; ಹೀಗಾಗಿ ಅದನ್ನು ಗುಂಪಾಗಿ ತೂಗಿ, ಸಂಶಯ ಬಂದುದನ್ನು ಮಾತ್ರ ಆರಿಸಿ ತೆಗೆಯುವುದೇ ಉಳಿದ ದಾರಿಯಾಗಿತ್ತು.

ಇಷ್ಟು ಅಧಿಕಾರವಿದ್ದವನನ್ನು ಯಾರು ಕಾಯಬೇಕು? ಕನ್ನಡ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರಾ ಟೀಕೆಯನ್ನು ಬರೆದ ಯಾಜ್ಞವಲ್ಕ್ಯ ಸ್ಮೃತಿಯು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳುತ್ತದೆ: ಖೋಟಾ ನಾಣ್ಯ ಮಾಡುವವನಿಗೂ ಅದರಿಂದ ವ್ಯವಹರಿಸುವವನಿಗೂ ಅತ್ಯುನ್ನತ ದಂಡವನ್ನು ವಿಧಿಸಿ, ಒಳ್ಳೆಯದನ್ನು ಖೋಟಾ ಎಂದೋ ಖೋಟಾವನ್ನು ಒಳ್ಳೆಯದೆಂದೋ ಹೇಳುವ ನಾಣ್ಯ ಪರೀಕ್ಷಕನಿಗೂ ಅದೇ ದಂಡವನ್ನು ಹೇಳುತ್ತದೆ. ಶಾಸ್ತ್ರದ ಈ ಸಮತೋಲನವು ನಿತ್ಯದ ವ್ಯವಹಾರದಲ್ಲಿ ಎಷ್ಟರಮಟ್ಟಿಗೆ ನಡೆಯಿತೆಂಬುದು ಬೇರೆಯ ಮಾತು. ಕಂದಾಯದ ಕಂತು ಬಂದಾಗ ಕಚೇರಿಯ ಸರಾಫನು ಮುರಿದುಕೊಂಡ ವಟ್ಟವನ್ನು ರೈತನು ಪ್ರಶ್ನಿಸುವ ಸ್ಥಿತಿಯಲ್ಲಿರಲಿಲ್ಲ, ಏಕೆಂದರೆ ಒರೆಗಲ್ಲಿನ ಗೆರೆಯನ್ನು ಓದಬಲ್ಲವನು ಅಲ್ಲಿ ಸರಾಫನೊಬ್ಬನೇ.

ಕಂಪನಿ ಸರ್ಕಾರವು ಈ ಗೊಂದಲವನ್ನು ಕೊನೆಗಾಣಿಸಿದ್ದು ಪರೀಕ್ಷಕರನ್ನು ತಿದ್ದುವುದರಿಂದಲ್ಲ, ನಾಣ್ಯಗಳನ್ನೇ ಕಡಿಮೆ ಮಾಡುವುದರಿಂದ. 1818ರಲ್ಲಿ ಮದರಾಸು ಪ್ರಾಂತ್ಯದಲ್ಲಿ ವರಹದ ಬದಲಿಗೆ ಬೆಳ್ಳಿಯ ರೂಪಾಯಿಯನ್ನು ಪ್ರಮಾಣ ನಾಣ್ಯವೆಂದು ಸಾರಿ, ನೂರು ನಕ್ಷತ್ರ ವರಹಕ್ಕೆ 350 ರೂಪಾಯಿಯ ದರವನ್ನು ಗೊತ್ತುಮಾಡಲಾಯಿತು. 1835ರ ಕಾಯಿದೆಯು ಕಂಪನಿಯ ಆಡಳಿತವಿದ್ದೆಡೆಯಲ್ಲೆಲ್ಲ 180 ಗ್ರೇನ್ ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿಯಿದ್ದ ಒಂದೇ ರೂಪಾಯಿಯನ್ನು ತಂದಿತು. ಯಂತ್ರದಲ್ಲಿ ಒತ್ತಿದ ಅದರ ಅಂಚನ್ನು ಕತ್ತರಿಸಿದರೆ ಕೂಡಲೇ ಕಾಣುತ್ತಿದ್ದುದರಿಂದ ಹಳೆಯ ಅನೇಕ ಮೋಸಗಳು ಒಮ್ಮೆಗೇ ನಿಂತವು. ಮೈಸೂರಿನ ಟಂಕಸಾಲೆಯು 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಬೇರಿಕೆಯಿಂದ ಮಾಲೂರಿಗೆ ಹೋಗುವವನು ರಾಜ್ಯದ ಗಡಿಯನ್ನು ದಾಟಿದರೂ ಹಣದ ಗಡಿಯನ್ನು ದಾಟಬೇಕಾಗಿರಲಿಲ್ಲ.

ಕಾಗದದ ಹಣ ಬಂದಾಗ ಪರೀಕ್ಷೆಯ ಅರ್ಥವೇ ಬದಲಾಯಿತು. 1861ರ ಕಾಯಿದೆಯ ಅಡಿಯಲ್ಲಿ ಹೊರಟ ಭಾರತ ಸರ್ಕಾರದ ಮೊದಲ ನೋಟುಗಳು ಇಂಗ್ಲೆಂಡಿನಲ್ಲಿ ನೀರುಗುರುತಿನ ಕಾಗದದ ಮೇಲೆ ಒಂದೇ ಬದಿಯಲ್ಲಿ ಅಚ್ಚಾಗಿ ಬರುತ್ತಿದ್ದವು. ನೀರುಗುರುತೆಂದರೆ ಕಾಗದವನ್ನು ತಯಾರಿಸುವಾಗಲೇ ಅದರ ದಪ್ಪವನ್ನು ಹೆಚ್ಚುಕಡಿಮೆ ಮಾಡಿ ಮೂಡಿಸಿದ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಚಿತ್ರ ಅಥವಾ ಬರಹ. ಒಂದು ವಲಯದಲ್ಲಿ ಹೊರಟ ನೋಟನ್ನು ನಗದಾಗಿಸುವ ಹಕ್ಕು ಆ ವಲಯಕ್ಕೆ ಸೀಮಿತವಾಗಿತ್ತಾದ್ದರಿಂದ, ಮುಂಬಯಿ ವಲಯದ ನೋಟು ಮದರಾಸಿನ ಪೇಟೆಯಲ್ಲಿ ಮತ್ತೆ ಪರನಾಣ್ಯದಂತೆಯೇ ವಟ್ಟಕ್ಕೆ ಗುರಿಯಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಷ್ಟೇ ಈ ತಡೆ ಒಂದೊಂದಾಗಿ ಸಡಿಲವಾಯಿತು. ನಾಣ್ಯದಲ್ಲಿ ಬೆಲೆಯು ಮೈಯೊಳಗೇ ಇರುತ್ತಿತ್ತು, ನೋಟಿನಲ್ಲಿ ಅದು ಗುರುತಿನಲ್ಲಿ ಮಾತ್ರ ಇರುತ್ತದೆ; ಖೋಟಾ ನೋಟಿಗೆ ವಟ್ಟ ಕಳೆದು ಉಳಿಯುವ ಬೆಲೆಯೆಂಬುದೇ ಇಲ್ಲ.

ಇಂದು ಹೊಸೂರು, ಬೆಂಗಳೂರುಗಳಿಂದ ಪರದೇಶಕ್ಕೆ ಹೊರಡುವವರ ಕೈಗೆ ಬರುವ ಡಾಲರ್, ಯೂರೋಗಳಿಗೂ ಈ ಮಾತು ಅನ್ವಯಿಸುತ್ತದೆ. ಅಮೆರಿಕದ ನೋಟುಗಳ ಕಾಗದವು ನಾಲ್ಕರಲ್ಲಿ ಮೂರು ಪಾಲು ಹತ್ತಿ, ಒಂದು ಪಾಲು ಅಗಸೆನಾರಿನದಾಗಿದ್ದು, ಅದರೊಳಗೆ ಕೆಂಪು, ನೀಲಿ ಎಳೆಗಳು ಹುದುಗಿರುತ್ತವೆ. ಆದರೆ ಆ ದೇಶದ ಎಲ್ಲ ಮುಖಬೆಲೆಯ ನೋಟುಗಳೂ ಒಂದೇ ಅಳತೆಯವಾದ್ದರಿಂದ ಐದು ಡಾಲರಿನ ಅಪ್ಪಟ ನೋಟನ್ನು ತೊಳೆದು ಅದರ ಮೇಲೆ ನೂರನ್ನು ಅಚ್ಚು ಮಾಡುವ ಮೋಸವು ನಡೆದಿದೆ. ಕಾಗದದಲ್ಲಿ ಗಂಜಿಯಿದ್ದರೆ ಕಪ್ಪು ಗೆರೆ ತೋರಿಸುವ ಅಯೋಡಿನ್ ಪೆನ್ನು ಇಲ್ಲಿ ನಿರುಪಯುಕ್ತ, ಏಕೆಂದರೆ ಕಾಗದ ನಿಜವಾದದ್ದೇ. ಹುಳಿ ಹಾಕಿ ಮೆರುಗಿಸಿದ ವರಹದ ಉಪಾಯವನ್ನೇ ಇದು ತಿರುವಿ ಹಾಕಿದೆ: ಅಲ್ಲಿ ಹೊರಮೈ ಒಳ್ಳೆಯದು, ಒಳಗು ಕೆಟ್ಟದ್ದು, ಇಲ್ಲಿ ಒಳಗು ಒಳ್ಳೆಯದು, ಹೊರಮೈ ಸುಳ್ಳು. ಇಂತಹ ಖೋಟಾ ನೋಟನ್ನು ಬೆಳಕಿಗೆ ಹಿಡಿದರೆ ನೂರರ ನೋಟಿನಲ್ಲಿ ಇರಬೇಕಾದ ಫ್ರಾಂಕ್ಲಿನನ ನೀರುಗುರುತಿನ ಬದಲು ಐದರ ನೋಟಿನ ನೀರುಗುರುತು ಕಾಣುತ್ತದೆ. ನೇರಳಾತೀತ ಬೆಳಕಿನಲ್ಲಿ ಭದ್ರತಾ ಎಳೆಯು ನೂರಕ್ಕೆ ಸಲ್ಲುವ ನಸುಗೆಂಪಿನ ಬದಲು ಐದಕ್ಕೆ ಸಲ್ಲುವ ನೀಲಿಯನ್ನು ಬೀರುತ್ತದೆ. 2013ರ ನಂತರದ ನೂರರ ನೋಟಿನಲ್ಲಿ ಕಾಗದದೊಳಗೇ ನೆಯ್ದ ನೀಲಿ ಪಟ್ಟಿಯಿದ್ದು, ನೋಟನ್ನು ವಾಲಿಸಿದಾಗ ಅದರಲ್ಲಿನ ಗಂಟೆಗಳು ನೂರೆಂಬ ಅಂಕಿಯಾಗಿ ಬದಲಾಗುತ್ತವೆ. 2002ರಲ್ಲಿ ಚಲಾವಣೆಗೆ ಬಂದ ಯೂರೋ ನೋಟುಗಳಿಗೆ ಯುರೋಪಿನ ಕೇಂದ್ರ ಬ್ಯಾಂಕು ಸೂಚಿಸುವುದು ಮುಟ್ಟಿ ನೋಡುವ, ಬೆಳಕಿಗೆ ಹಿಡಿಯುವ, ವಾಲಿಸುವ ಮೂರು ಪರೀಕ್ಷೆಗಳನ್ನು. 2013ರಿಂದ ಬಂದ ಎರಡನೆಯ ಸರಣಿಯಲ್ಲಿ ಹೊಳೆಯುವ ಪಚ್ಚೆ ಬಣ್ಣದ ಅಂಕಿಯು ವಾಲಿಸಿದಂತೆ ಕಡುನೀಲಿಗೆ ತಿರುಗುತ್ತದೆ. ಖೋಟಾ ಅಲ್ಲದೆಯೂ ಸಲ್ಲದ ನೋಟುಗಳಿವೆ ಎಂಬುದನ್ನು ಪ್ರವಾಸಿಗಳು ಮರೆಯುವುದುಂಟು: ಇಂಗ್ಲೆಂಡಿನ ಕಾಗದದ ಇಪ್ಪತ್ತು, ಐವತ್ತು ಪೌಂಡಿನ ನೋಟುಗಳು 2022ರ ಸೆಪ್ಟೆಂಬರ್ 30ರ ನಂತರ ಅಲ್ಲಿನ ಅಂಗಡಿಗಳಲ್ಲಿ ಚಲಾವಣೆಗೆ ಬರುವುದಿಲ್ಲ.

ಈ ಎಲ್ಲ ಗುರುತುಗಳನ್ನು ಕಂಠಪಾಠ ಮಾಡಿದವನಿಗಿಂತ, ಅಪ್ಪಟವೆಂದು ತಿಳಿದ ಒಂದು ನೋಟನ್ನು ಪಕ್ಕದಲ್ಲಿಟ್ಟು ಹೋಲಿಸುವವನೇ ಕಡಿಮೆ ಮೋಸಹೋಗುತ್ತಾನೆ. ಒರೆಗಲ್ಲಿನ ಪಕ್ಕದ ಕಡ್ಡಿಯು ಮಾಡುತ್ತಿದ್ದುದೂ ಇದನ್ನೇ. ಕಾನೂನಿನ ಮಟ್ಟಿಗೆ, 1899ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿಸಿದ 489-ಎ ಕಲಮು ಜಗತ್ತಿನ ಯಾವುದೇ ಭಾಗದ ಬ್ಯಾಂಕಿನ ಅಥವಾ ಸರ್ಕಾರದ ನೋಟನ್ನು ಖೋಟಾ ಮಾಡುವುದನ್ನು ಸ್ವದೇಶದ ನೋಟಿನಷ್ಟೇ ಗಂಭೀರ ಅಪರಾಧವೆಂದು ಪರಿಗಣಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 178ರಿಂದ 180ರವರೆಗಿನ ಕಲಮುಗಳು ಈ ವಿಷಯವನ್ನು ಈಗ ಒಳಗೊಂಡಿವೆ. ಖೋಟಾ ಎಂದು ತಿಳಿದ ಮೇಲೆ ಅದನ್ನು ಇನ್ನೊಬ್ಬರಿಗೆ ದಾಟಿಸುವವನೂ ಅಪರಾಧಿಯೇ ಆಗುವುದರಿಂದ, ಪರದೇಶದ ಹಣವನ್ನು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ವಿನಿಮಯಗಾರರಲ್ಲಿ ಮಾತ್ರ ಕೊಂಡು, ಅವರು ಕೊಡುವ ರಸೀದಿಯನ್ನು ಪ್ರಯಾಣ ಮುಗಿಯುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕು.