ಹೆಸರಿಲ್ಲದ ಆರು ಮಂದಿ: ಹಿರೇಹಡಗಲಿ ತಾಮ್ರಪಟದ ಕಥೆ

ಭಾಗ 1/5 – ಎಂಟು ತಾಮ್ರದ ಹಾಳೆ

ಹಿರೇಹಡಗಲಿ ಅಂದ ಕೂಡಲೇ ನಿಮಗ ನೆನಪಾಗೋದು ಕಲ್ಲೇಶ್ವರ ಗುಡಿ. 1057ರಲ್ಲಿ ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಮಂತ್ರಿ ದೇಮರಸ ಮಾಡಿಸಿದ ಗುಡಿ. ಬಾಗಿಲುವಾಡದ ಕೆತ್ತನೆ ಫೋಟೋ ಹಾಕಿದ್ರ ಲೈಕ್ ಬಂದೇ ಬರ್ತಾವ.

ಆದ್ರ ಇದೇ ಊರಾಗ ಆ ಗುಡಿಗಿಂತ ಸುಮಾರು 700 ವರ್ಷ ಹಳೆಯದೊಂದು ದಾಖಲೆ ಸಿಕ್ಕೈತಿ. ಎಂಟು ತಾಮ್ರದ ಹಾಳೆಗಳು. ಕಾಲ ಸುಮಾರು ಕ್ರಿ.ಶ. 4ನೇ ಶತಮಾನ. ಬರೆಸಿದವನು ಪಲ್ಲವರ ಶಿವಸ್ಕಂದವರ್ಮ, ಹೊರಡಿಸಿದ್ದು ದೂರದ ಕಾಂಚೀಪುರದಿಂದ, ಅವನ ಆಳ್ವಿಕೆಯ 8ನೇ ವರ್ಷ. ಭಾಷೆ ಪ್ರಾಕೃತ. ಹಲ್ಮಿಡಿ ಶಾಸನ ಸುಮಾರು 450ರದ್ದು, ಅಂದ್ರ ಇದು ಅದಕ್ಕಿಂತಲೂ ಹಳೇದು.

ಈ ತಾಮ್ರಪಟದಾಗ ನಮ್ಮ ಸೀಮೆಗೆ ಒಂದು ಹೆಸರೈತಿ: ಸಾತಾಹನಿ ರಟ್ಠ. ಶಾತವಾಹನರು ಆಳಿ ಹೋದಮೇಲೂ ಅವರ ಹೆಸರು ನೆಲಕ್ಕೆ ಅಂಟಿಕೊಂಡು ಉಳಿದಿತ್ತು. ಆದೋನಿ ತಾಲೂಕಿನ ಮ್ಯಾಕದೋಣಿ ಬಂಡೆ ಶಾಸನದಲ್ಲೂ ಈ ಸೀಮೆಗೆ ‘ಸಾತವಾಹನಿಹಾರ’ ಅಂತ ಕರೆದಿದಾರೆ. 1953ರ ತನಕ ಆದೋನಿನೂ ನಾವೂ ಒಂದೇ ಬಳ್ಳಾರಿ ಜಿಲ್ಲೆ, ನೆನಪಿರಲಿ.

ಯುದ್ಧ ಗೆದ್ದ ಸುದ್ದಿ ಇದರಾಗ ಇಲ್ಲ. ಇದು ಒಂದು ತೋಟದ ಪತ್ರ. ಯಾರ ತೋಟ, ಅದರ ಜೊತೆಗೆ ಏನೇನು ಕೊಟ್ರು? ಮುಂದಿನ ಭಾಗ ನೋಡ್ರಿ.

ಭಾಗ 2/5 – ಹಾಲು, ಮೊಸರು, ಎತ್ತು, ಹೂವು

ಊರಿನ ಹೆಸರು ಚಿಲ್ಲರೇಕಕೋಡುಂಕ. ನಾಲಿಗೆ ತಿರುಗಲ್ಲ ಅಲ್ಲಾ? ಎರಡು ಸಲ ಓದ್ರಿ, ಬರ್ತದ. ಆ ಊರಿನ ಒಂದು ತೋಟವನ್ನ ‘ಬಪ್ಪ’ ಎಂಬ ಮಹಾರಾಜ ಮೊದಲೇ ಬ್ರಾಹ್ಮಣರಿಗೆ ದಾನ ಕೊಟ್ಟಿದ್ದ. ಕೋಟಿಗಟ್ಟಲೆ ಹೊನ್ನು, ಲಕ್ಷ ನೇಗಿಲು ಎತ್ತು ದಾನ ಕೊಟ್ಟವನು ಅಂತ ಅವನನ್ನ ಹೊಗಳಿದಾರೆ. ಶಿವಸ್ಕಂದವರ್ಮ ಆ ದಾನವನ್ನ ಮತ್ತೆ ಗಟ್ಟಿ ಮಾಡಿ, ತೋಟಕ್ಕೆ ವಿನಾಯಿತಿಗಳನ್ನೂ ಕೊಟ್ಟ.

ವಿನಾಯಿತಿ ಪಟ್ಟಿಯನ್ನ ನಿಧಾನಕ್ಕೆ ಓದಬೇಕು. ಅಧಿಕಾರಿಗಳು, ಸೈನಿಕರು, ಗೂಢಚಾರರು ಎಲ್ಲರಿಗೂ ರಾಜನ ಅಪ್ಪಣೆ ಇದು:

▪️ ಈ ತೋಟದಿಂದ ತೆರಿಗೆ ತಗೊಬಾರದು
▪️ ಹಾಲು, ಮೊಸರು ತಗೊಬಾರದು
▪️ ಉಪ್ಪು, ಬೆಲ್ಲದ ಕಿರುಕುಳ ಕೊಡಬಾರದು
▪️ ಸರದಿ ಹಚ್ಚಿ ಎತ್ತು ಹಿಡಿದುಕೊಂಡು ಹೋಗಬಾರದು
▪️ ಹುಲ್ಲು, ಕಟ್ಟಿಗೆ ತಗೊಬಾರದು
▪️ ಕಾಯಿಪಲ್ಯ, ಹೂವು ತಗೊಬಾರದು
▪️ ಬಿಟ್ಟಿ ಕೆಲಸ ಮಾಡಿಸಬಾರದು

ಇಂಥವು ಒಟ್ಟು 18 ಬಗೆ ಅಂತ ಪಟವೇ ಹೇಳ್ತದ.

ಈಗ ಇದನ್ನ ತಿರುಗಿಸಿ ಓದ್ರಿ. ಒಂದು ತೋಟದಿಂದ ಮಾತ್ರ ಹಾಲು ತಗೊಬಾರದು ಅಂತ ತಾಮ್ರದ ಮ್ಯಾಲೆ ಕೆತ್ತಬೇಕಾತು ಅಂದ್ರ, ಉಳಿದ ಮನೆಗಳಿಂದ ತಗೊಂತಿದ್ರು ಅಂತ ಅರ್ಥ. ಅಧಿಕಾರಿ ಬಂದ ಅಂದ್ರ ಊರಿನ ಮೊಸರಿನ ಗಡಿಗಿ, ಹಿತ್ತಲದ ಹೂವು, ಬಿತ್ತಿಗಿ ಹೊತ್ತಿನ ಎತ್ತು, ಎಲ್ಲಕ್ಕೂ ಕೈ ಹಾಕ್ತಿದ್ರು. ಮಲ್ಲಿಗೆಗೆ ಹೆಸರಾದ ಹಡಗಲಿ ಸೀಮೆಯವರಿಗೆ ‘ಹೂವು ತಗೊಬಾರದು’ ಅನ್ನೋ ಮಾತಿನ ತೂಕ ಬೇರೆ ಹೇಳಬೇಕಿಲ್ಲ.

ಇನ್ನೊಂದು ಶಬ್ದ ಗಮನಿಸ್ರಿ. ಪಟದಾಗ ಬಿಟ್ಟಿ ಕೆಲಸಕ್ಕೆ ಇರೋ ಪ್ರಾಕೃತ ಪದ ‘ವೆಟ್ಠಿ’. ಸಂಸ್ಕೃತದಲ್ಲಿ ‘ವಿಷ್ಟಿ’. ನಮ್ಮ ಬಾಯಾಗ ‘ಬಿಟ್ಟಿ’. ಗೆಳೆಯ ನಿಮ್ಮ ಕಡೆಯಿಂದ ಪ್ರಾಜೆಕ್ಟ್ ಬರೆಸಿಕೊಂಡು ದುಡ್ಡು ಕೊಡದೇ ಹೋದಾಗ ‘ಬಿಟ್ಟಿ ಮಾಡಿಸಿಕೊಂಡ’ ಅಂತ ಬೈತೀರಲ್ಲ, ಆ ಪದಕ್ಕೆ ಇಷ್ಟು ವಯಸ್ಸು.

ಭಾಗ 3/5 – ನಾಲ್ಕು ಮತ್ತು ಎರಡು

ಪಟದ ಮುಂದಿನ ಸಾಲುಗಳು ಪಾಲಿನ ಲೆಕ್ಕ. ತೋಟದಲ್ಲಿ ಯಾರಿಗೆ ಎಷ್ಟು ಪಾಲು ಅಂತ ಒಬ್ಬೊಬ್ಬ ಬ್ರಾಹ್ಮಣನ ಹೆಸರು ಹಿಡಿದು, ಗೋತ್ರ ಹೇಳಿ ಬರೆದಿದಾರೆ. 1700 ವರ್ಷ ಆದಮೇಲೂ ಅವರ ಹೆಸರು ಓದಬಹುದು.

ಅದರ ಜೊತೆಗೆ ಕಣಕ್ಕೆ ಜಾಗ. ಮನೆಗೆ ಜಾಗ. ಅಳತೆ ‘ನಿವರ್ತನ’ದ ಲೆಕ್ಕದಾಗ.

ಆಮೇಲೆ: ‘ಅಡ್ಢಿಕ’ರು ನಾಲ್ವರು. ‘ಕೋಲಿಕ’ರು ಇಬ್ಬರು.

ಅಷ್ಟೇ. ಸಾಲು ಮುಗೀತು.

ಅಡ್ಢಿಕ ಅಂದ್ರ ಅರ್ಧ ಪಾಲಿಗೆ ದುಡಿಯೋನು. ನಮ್ಮ ಕಡೆ ಈಗಲೂ ‘ಪಾಲಿಗೆ ಮಾಡ್ಯಾರ’, ‘ಕೋರಿಗೆ ಹಾಕ್ಯಾರ’ ಅಂತೀವಲ್ಲ, ಅದೇ ಸಾಲಿನ ಮನುಷ್ಯ. ಕೋಲಿಕ ಪದಕ್ಕೆ ನೇಕಾರ ಅನ್ನೋ ಅರ್ಥ ಐತಿ. ಈ ಆರು ಮಂದಿಗೆ ಹೆಸರಿಲ್ಲ, ಗೋತ್ರ ಇಲ್ಲ, ಹೆಂಡತಿ ಮಕ್ಕಳ ಮಾತಿಲ್ಲ. ಕಣ, ಮನೆಜಾಗ, ಆಳು ಅಂತ ಒಂದೇ ಪಟ್ಟಿಯಾಗ ಎಣಿಸಿ ಕೊಟ್ಟಾರ.

ಹಿಂದಿನ ಭಾಗದ ವಿನಾಯಿತಿ ಪಟ್ಟಿಗೆ ಈಗ ಮತ್ತೊಮ್ಮೆ ಹೋಗ್ರಿ. ಅರಮನೆಯವರು ಬಂದು ಬಿಟ್ಟಿ ಮಾಡಿಸಬಾರದು, ಖರೆ. ಆದ್ರ ಆ ರಕ್ಷಣೆ ಸಿಕ್ಕಿದ್ದು ತೋಟಕ್ಕೆ, ತೋಟದ ಒಡೆಯರಿಗೆ. ಆ ಆರು ಮಂದಿಯ ಅರ್ಧ ಪಾಲು ಮುಕ್ಕಾಲು ಆಗಲಿ ಅಂತ ಒಂದು ಅಕ್ಷರನೂ ಇಲ್ಲ.

ಪಟವನ್ನ ಬರೆದವನು ರಾಜನ ಆಪ್ತ ಅಧಿಕಾರಿ ಭಟ್ಟಿಶರ್ಮ. ತನ್ನ ಕೈಯಾರೆ ಬರೆದೆ ಅಂತ ಹೆಸರು ಹಾಕಿಕೊಂಡಾನ. ಕೊನೆಗೆ ಒಂದು ಹಾರೈಕೆ ಐತಿ: ಗೋವಿಗೆ, ಬ್ರಾಹ್ಮಣನಿಗೆ, ಬರೆದವನಿಗೆ, ಓದುವವನಿಗೆ, ಕೇಳುವವನಿಗೆ ಒಳ್ಳೇದಾಗಲಿ. ಓದುತ್ತಿರೋ ನೀವೂ ಆ ಹಾರೈಕೆಯೊಳಗ ಬಂದ್ರಿ. ನೇಗಿಲು ಹಿಡಿದ ನಾಲ್ವರು ಬರಲಿಲ್ಲ.

ಭಾಗ 4/5 – ಬೋರ್ಸ್ಟೆಲ್‌ನಿಂದ ಹಿರೇಹಡಗಲಿಗೆ

ಇದನ್ನ ಓದಿ ಪ್ರಕಟಿಸಿದವರು ಗೇಯೋರ್ಗ್ ಬ್ಯೂಲರ್. 1837ರಲ್ಲಿ ಜರ್ಮನಿಯ ಹ್ಯಾನೋವರ್ ಸೀಮೆಯ ಬೋರ್ಸ್ಟೆಲ್ ಎಂಬ ಹಳ್ಳಿಯಲ್ಲಿ ಹುಟ್ಟಿ, 1863ರಲ್ಲಿ ಮುಂಬೈಗೆ ಬಂದು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪಾಠ ಮಾಡಿದವರು. 1892ರ ‘ಎಪಿಗ್ರಾಫಿಯಾ ಇಂಡಿಕಾ’ ಮೊದಲನೇ ಸಂಪುಟದ ಮೊದಲನೇ ಲೇಖನವೇ ನಮ್ಮ ಹಿರೇಹಡಗಲಿ ತಾಮ್ರಪಟ. ದೇಶದ ಶಾಸನಗಳ ಅಷ್ಟು ದೊಡ್ಡ ಸಂಪುಟಮಾಲೆ ಶುರುವಾಗಿದ್ದು ನಮ್ಮ ತಾಲೂಕಿನಿಂದ. ಇದನ್ನ ಎಷ್ಟು ಮಂದಿ ಮಾಸ್ತರು ನಿಮಗ ಹೇಳಿದಾರೆ?

ಬ್ಯೂಲರ್ ಹುಟ್ಟಿದ ಸೀಮೆಯ ಹಳ್ಳಿಗಳ ಕಥೆನೂ ಬೇರೆ ಇರಲಿಲ್ಲ. ಧಣಿಯ ದೊಡ್ಡ ಮನೆ, ಕಣಜ, ದನದ ಕೊಟ್ಟಿಗೆ, ಸುತ್ತ ರೈತರ ಸಣ್ಣ ಮನೆಗಳು. ರೈತರು ಧಣಿಗೆ ಕಾಳು ಕೊಡಬೇಕು, ಗೊತ್ತಾದ ದಿನ ಬಿಟ್ಟಿ ದುಡೀಬೇಕು. ಆ ದುಡಿಮೆಗೆ ಜರ್ಮನ್ ಹೆಸರು ‘ಫ್ರೋನ್’. ಹ್ಯಾನೋವರ್ ರಾಜ್ಯದಲ್ಲಿ ರೈತರು ದುಡ್ಡು ಕಟ್ಟಿ ಈ ಹಂಗು ಬಿಡಿಸಿಕೊಳ್ಳೋ ಕಾನೂನು ಬಂದಿದ್ದು 1833ರಲ್ಲಿ, ಬ್ಯೂಲರ್ ಹುಟ್ಟೋ ನಾಲ್ಕು ವರ್ಷ ಮೊದಲು.

ಹಂಗಾದ್ರ ನಮ್ಮಲ್ಲೂ ಯುರೋಪಿನಂಥ ಊಳಿಗಮಾನ್ಯ ಪದ್ಧತಿ ಇತ್ತಾ? ಇದು ಡಿಗ್ರಿ ಪರೀಕ್ಷೆಯ ಪ್ರಶ್ನೆ, ಸೇವ್ ಮಾಡಿಟ್ಕೊಳ್ರಿ. ಆರ್.ಎಸ್. ಶರ್ಮಾ 1965ರ ‘ಇಂಡಿಯನ್ ಫ್ಯೂಡಲಿಸಂ’ ಪುಸ್ತಕದಲ್ಲಿ ‘ಹೌದು’ ಅಂದ್ರು. ಭೂಮಿ ಜೊತೆಗೆ ದುಡಿಯೋರನ್ನೂ ಕೊಟ್ಟಿದ್ದಕ್ಕೆ ಅವರು ತೋರಿಸಿದ ಹಳೆಯ ಸಾಕ್ಷಿಗಳಲ್ಲಿ ನಮ್ಮ ಈ ನಾಲ್ವರು ಅಡ್ಢಿಕರೂ ಇದಾರೆ. 1981ರಲ್ಲಿ ಹರ್ಬನ್ಸ್ ಮುಖಿಯಾ ‘ಇಲ್ಲ’ ಅಂತ ವಾದಿಸಿದ್ರು: ಇಲ್ಲಿನ ರೈತನ ಬೇಸಾಯ ಬಹಳಮಟ್ಟಿಗೆ ಅವನ ಕೈಯಲ್ಲೇ ಇತ್ತು, ಯುರೋಪಿನಂತೆ ಅಲ್ಲ ಅಂತ. ಇಡೀ ದೇಶಕ್ಕೆ ಮುಖಿಯಾ ಮಾತು ಹೊಂದಬಹುದು. ಆದ್ರ ಆ ಒಂದು ತೋಟದ ಆರು ಮಂದಿ ಮಟ್ಟಿಗೆ, ಒಡೆಯ ಬದಲಾದಾಗ ಅವರನ್ನ ಕೇಳಿದವರು ಯಾರು?

ಭಾಗ 5/5 – ಕಾಲಂ 9, ಕಾಲಂ 12

ಈಗ ಜಿಗಿದು ನಮ್ಮ ಕಾಲಕ್ಕೆ ಬರೋಣ. 1800ರಲ್ಲಿ ನಿಜಾಮ ಈ ಸೀಮೆಯನ್ನ ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದು, ಹೊಲ ಅಳೆಸಿ, ಒಬ್ಬೊಬ್ಬ ರೈತನ ಮ್ಯಾಲೆ ಕಂದಾಯ ಹಾಕಿಸಿದ. ರೈತವಾರಿ ಅಂದ್ರ ಇದೇ. ಪಟ್ಟಾದಾರ ರೈತನ ಹೆಸರು ಸರ್ಕಾರಿ ಪುಸ್ತಕಕ್ಕೆ ಬಂತು. ಆದ್ರ ಪಟ್ಟಾದಾರನ ಹೊಲವನ್ನ ಪಾಲಿಗೆ ಮಾಡೋನು ಮತ್ತೆ ಹೊರಗೇ ಉಳಿದ.

ಅವನ ಸರದಿ ಬಂದಿದ್ದು 1974ಕ್ಕೆ, ದೇವರಾಜ ಅರಸು ಅವರ ಕಾಲದ ಭೂಸುಧಾರಣೆಯಲ್ಲಿ. ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತ್ರು. ‘ಉಳುವವನೇ ಹೊಲದೊಡೆಯ’ ಅನ್ನೋ ಮಾತು ಅದಕ್ಕಿಂತಲೂ ಹಳೇದು. ಅರ್ಜಿ ಹಾಕೋಕೆ ಧೈರ್ಯ ಇದ್ದವರಿಗೆ, ಸಾಕ್ಷಿ ಸಿಕ್ಕವರಿಗೆ ಹೊಲ ಬಂತು. ಬಾಯಿಮಾತಿನ ಮ್ಯಾಲೆ ಉಳುಮೆ ಮಾಡ್ತಿದ್ದವರಿಗೆ ಕಾಗದ ಎಲ್ಲಿಂದ ಬರಬೇಕು? 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಸಾಲಕ್ಕೆ ಮನುಷ್ಯನನ್ನ ಕಟ್ಟಿಹಾಕೋದು ಅಪರಾಧ ಆಯ್ತು.

ಈಗ ನಿಮಗೊಂದು ಕೆಲಸ. ಮನೆಯ ಪಹಣಿ ತೆಗೀರಿ. ಕಾಲಂ 9ರಲ್ಲಿ ಹೊಲದ ಮಾಲೀಕರ ಹೆಸರು ಇರ್ತದ. ಕಾಲಂ 12ರಲ್ಲಿ ಸಾಗುವಳಿ ಮಾಡೋರ ವಿವರ. ಎರಡನ್ನೂ ಓದಿ, ಅಜ್ಜನಿಗೋ ಅಮ್ಮನಿಗೋ ಕೇಳ್ರಿ: ಈ ಹೊಲದಾಗ ನಿಜವಾಗಿ ದುಡಿದವರು ಯಾರು? ಕಳೆ ತೆಗೆದ ಹೆಣ್ಣುಮಕ್ಕಳು ಯಾರು? ಎಷ್ಟು ವರ್ಷ? ಯಾವ ಪಾಲಿಗೆ? ನಿಮ್ಮ ಮನೆಗೆ ಹೊಲನೇ ಇಲ್ಲ ಅಂದ್ರ ಯಾರ ಹೊಲಕ್ಕೆ ಹೋಗ್ತಿದ್ರು ಅಂತ ಕೇಳ್ರಿ, ಆ ಕಥೆ ಇನ್ನೂ ಮುಖ್ಯ. ಗುಳೆ ಹೋದವರ ಹೆಸರೂ ಬಿಡಬ್ಯಾಡ್ರಿ.

ಕೇಳಿದ್ದನ್ನ ಒಂದು ನೋಟ್‌ಬುಕ್ಕಿನಾಗ ಬರೆದಿಡ್ರಿ. ಹೆಸರು, ಊರು, ಹೊಲದ ಹೆಸರು. ಮನೆಯ ದಾಖಲೆ ಅದು, ಕಾಮೆಂಟಿನಾಗ ಹಾಕಬೇಕಂತಿಲ್ಲ. ಚಿಲ್ಲರೇಕಕೋಡುಂಕದ ಆರು ಮಂದಿ ಹೆಸರು ಈಗ ಯಾರಿಗೂ ಸಿಗೋದಿಲ್ಲ. ನಿಮ್ಮ ಊರಿನವರ ಹೆಸರು ಹೇಳೋರು ಇನ್ನೂ ಪಡಸಾಲಿಯಾಗ ಕುಂತಾರ. ಈ ರಜಾದಾಗ ಕೇಳಿ ಮುಗಿಸ್ರಿ.

ಮುಂದಿನ ಸರಣಿ: ಕುರುವತ್ತಿ ಮಲ್ಲಿಕಾರ್ಜುನ ಗುಡಿ.

#ಹಿರೇಹಡಗಲಿ #ಹೂವಿನಹಡಗಲಿ #ಕೂಡ್ಲಿಗಿ #ಕೊಟ್ಟೂರು #ಹರಪನಹಳ್ಳಿ #ಹಗರಿಬೊಮ್ಮನಹಳ್ಳಿ #ನಮ್ಮೂರಇತಿಹಾಸ