ಅಬಲೂರಿನ ಏಕಾಂತದ ರಾಮಯ್ಯನವರು: ಅರಸನ ಸಭೆಯಲ್ಲಿ ಹರನ ತೀರ್ಪು

ರಟ್ಟೀಹಳ್ಳಿ ಸೀಮೆಯ ಸದ್ಭಕ್ತರಿಗೆ ಹಿರೇಕೆರೂರು ತಾಲ್ಲೂಕಿನ ಅಬಲೂರು ಸರ್ವಜ್ಞನ ಹೆಸರಿನೊಡನೆ ಪರಿಚಿತವಾದ ಊರು. ಅಲ್ಲಿಯ ಸೋಮೇಶ್ವರ ದೇವಾಲಯದ ಶಿಲಾಶಾಸನವು ಇನ್ನೊಬ್ಬ ಮಹಾಶರಣರ ಚರಿತ್ರೆಯನ್ನು ಕಾಪಾಡಿಕೊಂಡು ಬಂದಿದೆ. ಅದರ ಕಾಲ ಸುಮಾರು ಕ್ರಿ.ಶ. 1200.

ಆಳಂದೆಯ ಪುರುಷೋತ್ತಮಭಟ್ಟರ ಮಗ ರಾಮಯ್ಯನವರು ಏಕಾಂತದಲ್ಲಿ ಶಿವನನ್ನು ಧ್ಯಾನಿಸಿ 'ಏಕಾಂತದ ರಾಮಯ್ಯ' ಎನಿಸಿದರು. ಹುಲಿಗೆರೆಯ ಸೋಮನಾಥನನ್ನು ಆರಾಧಿಸಿ ಅಬಲೂರಿಗೆ ಬಂದರು. ಅಲ್ಲಿ ಸಂಕಗಾವುಂಡನೇ ಮೊದಲಾದ ಜೈನರೊಡನೆ ವಾದವಾಗಿ, ಓಲೆಯಲ್ಲಿ ಪಣ ಬರೆಯಲಾಯಿತು. ರಾಮಯ್ಯನವರು ತಮ್ಮ ಶಿರವನ್ನು ಅರಿದು ಶಿವನಿಗರ್ಪಿಸಿ, ಏಳು ದಿನಗಳ ಬಳಿಕ ಮರಳಿ ಪಡೆದರೆಂದು ಶಾಸನ ಸಾರುತ್ತದೆ. ಪಣ ಸಲ್ಲದಿರಲು ಅವರು ಜಿನಪ್ರತಿಮೆಯನ್ನು ಭಗ್ನಗೊಳಿಸಿದರು. ದೂರು ಬಿಜ್ಜಳನ ಸಭೆಗೆ ಹೋಯಿತು.

ಇಲ್ಲಿಯೇ ನಾವು ಮನನ ಮಾಡಬೇಕಾದ ಘಟ್ಟವಿದೆ. ಅರಸನೆದುರು ರಾಮಯ್ಯನವರು ಆಶ್ರಯ ಬೇಡಲಿಲ್ಲ. ಮತ್ತೊಮ್ಮೆ ಶಿರವನ್ನೊಡ್ಡಿ ಶಿವನ ತೀರ್ಪಿಗೆ ಒಳಪಡಲು ಸಿದ್ಧರಾದರು. ಎದುರಾಳಿಗಳು ಒಪ್ಪಲಿಲ್ಲ. ಬಿಜ್ಜಳನು ಜಯಪತ್ರವಿತ್ತು, ವೀರಸೋಮನಾಥನಿಗೆ ಗ್ರಾಮದಾನ ಮಾಡಿದನು.

ಇದು ಗೆದ್ದ ಪಕ್ಷದವರು ಬರೆಯಿಸಿದ ಶಾಸನವೆಂಬುದನ್ನು ಮರೆಯಬಾರದು. ಅಂದಿನ ಮತಕಲಹವು ನಮಗೆ ಮಾದರಿಯಲ್ಲ. ಜೈನರೂ ಈ ನೆಲದ ನಮ್ಮ ಬಂಧುಗಳೇ. ನಮಗೆ ಮಾದರಿ ರಾಮಯ್ಯನವರ ಏಕನಿಷ್ಠೆ.

ಜಯಪತ್ರವಿತ್ತ ಬಿಜ್ಜಳನ ಆಳ್ವಿಕೆಯೇ 1167ರ ಸುಮಾರಿಗೆ ಮುಗಿಯಿತು. ಕಲ್ಯಾಣದ ಶರಣರಿಗೆ ಅರಮನೆಯ ನೆರಳು ಉಳಿಯಲಿಲ್ಲ. ಅವರು ಇಷ್ಟಲಿಂಗವನ್ನು ನಂಬಿ ಹೊರಟರು. ನ್ಯಾಯದ ಗಳಿಗೆಯಲ್ಲಿ ನಾವು ಮೊದಲು ಹುಡುಕುವುದು ಪರಿಚಿತ ಅಧಿಕಾರಿಯನ್ನೋ, ಅಂಗೈಯ ಲಿಂಗವನ್ನೋ? ಈ ಪ್ರಶ್ನೆಯನ್ನು ನಮ್ಮೊಳಗೆ ಕೇಳಿಕೊಳ್ಳೋಣ.